ಕುಂಕುಮ ಇಟ್ಟ ಆರು ಸೆಲ್ಲು

ಮೂರನೆಯ ಸೆಲ್ಲಿಗೆ ನೀರು ಬಿಟ್ಟು, ಬಿರಡೆ ತಿರುಗಿಸಿ, ಮುತ್ಯಾಲಮ್ಮ ನಾಲ್ಕನೆಯದರ ಬಿರಡೆ ಬಿಚ್ಚಿದಳು.

ಮೊದಲು ಅಳತೆ, ಆಮೇಲೆ ನೀರು. ನೀರು ಮೊದಲು ಬಿಟ್ಟರೆ ಅಳತೆ ಸುಳ್ಳು ಹೇಳುತ್ತದೆ. ಹನ್ನೊಂದು ವರ್ಷದಿಂದ ಇದೇ ಕೆಲಸ. ರಬ್ಬರ್ ಬುರುಡೆಯ ಗಾಜಿನ ಪಿಚಕಾರಿಯನ್ನು ಸೆಲ್ಲಿನೊಳಗೆ ಇಳಿಸಿ, ಮೆಲ್ಲಗೆ ಒತ್ತಿ ಬಿಟ್ಟರೆ ಆಸಿಡ್ ನೀರು ಮೇಲಕ್ಕೆ ಏರುತ್ತದೆ. ಅದರೊಳಗಿನ ತೇಲುಗಡ್ಡಿ ಎಷ್ಟು ಮೇಲೆ ನಿಂತಿತೋ ಅಷ್ಟು ಶಕ್ತಿ. ತುಂಬಿದ ಸೆಲ್ಲಾದರೆ ಒಂದು ಸಾವಿರದ ಇನ್ನೂರ ಎಪ್ಪತ್ತು. ದುಡಿದು ಸುಸ್ತಾಗಿ ಬಂದದ್ದಾದರೆ ಒಂದು ಸಾವಿರದ ನೂರ ನಲವತ್ತು.

ಪಿಚಕಾರಿಯನ್ನು ಕಣ್ಣ ಮಟ್ಟಕ್ಕೆ ಹಿಡಿದಳು. ಕಡ್ಡಿ ತಲೆಯೆತ್ತಿ ಗಾಜಿನ ಮೇಲ್ತುದಿಗೆ ತಾಕಿ ನಿಂತಿತ್ತು.

ಒಂದು ಸಾವಿರದ ಮುನ್ನೂರ ಅರವತ್ತು.

"ಇದೇನವ್ವಾ ಇದು," ಎಂದುಕೊಂಡು ಸೆರಗಿನ ತುದಿಯಿಂದ ಗಾಜು ಒರೆಸಿ ಮತ್ತೆ ನೋಡಿದಳು. ಅದೇ ಅಂಕಿ. ಇಷ್ಟು ವರ್ಷದಲ್ಲಿ ಅಷ್ಟು ಎತ್ತರಕ್ಕೆ ಆ ಕಡ್ಡಿ ನಿಂತದ್ದನ್ನು ಅವಳು ಕಂಡಿರಲಿಲ್ಲ.

ಶೆಡ್ಡಿನಲ್ಲಿ ನಿಂತಿದ್ದದ್ದು ಎರಡನೆಯ ಎಮ್ಮೆ. ಕರಡಿಗುಡ್ಡದ ಬಿಳಿಕಲ್ಲು ಗಣಿಯವರು ಬ್ಯಾಟರಿ ಇಂಜಿನ್ನಿಗೆ ಇಟ್ಟ ಹೆಸರು ಅದು. ಕರ್ರಗಿನ ಮೈ, ತಗ್ಗಿದ ಬೆನ್ನು, ಹೊಟ್ಟೆಯ ಡಬ್ಬಿಯಲ್ಲಿ ನಲವತ್ತು ಸೆಲ್ಲು. ಹೊಗೆಯಿಲ್ಲ, ಗುಡುಗಿಲ್ಲ. ಕತ್ತಲ ಸುರಂಗದಲ್ಲಿ ಹಿಂದಿನಿಂದ ಬಂದರೆ ಬೆನ್ನಿಗೆ ಗಾಳಿ ತಗುಲಿದಾಗಲೇ ತಿಳಿಯುವುದು. ಇದರ ಚಕ್ರದಡಿ ಸಿಕ್ಕಿ ಹಳಿ ಕೆಲಸದ ಗೋವಿಂದರಾಜ್ ಸತ್ತು ಇಂದಿಗೆ ಇಪ್ಪತ್ತೆರಡು ದಿನ. ಕೊಂದವನೆಂದು ಹೇಳಿ ಪೊಲೀಸರು ಅದನ್ನು ಓಡಿಸುತ್ತಿದ್ದ ಮುತ್ಯಾಲಮ್ಮನ ತಮ್ಮ ವೇಣುವನ್ನು ಸೇಲಂ ಜೈಲಿಗೆ ಹಾಕಿದ್ದರು. ಸೋಮವಾರ ಕೋರ್ಟು.

ಇಷ್ಟು ದಿನ ಸರಪಳಿ ಬಿಗಿದು ಮೊಹರು ಹಾಕಿದ್ದ ಎಮ್ಮೆಯನ್ನು ಪೊಲೀಸರು ನಿನ್ನೆ ತಾನೇ ಬಿಟ್ಟುಕೊಟ್ಟಿದ್ದರು. ನಿನ್ನೆ ಬೆಳಿಗ್ಗೆ ಚಾರ್ಜಿಗೆ ಹಾಕಿದ್ದು, ಇವತ್ತು ಬೆಳಿಗ್ಗೆ ತುಂಬಿತ್ತು. ಆ ಸಾವಿನ ದಿನ ಎರಡೇ ಸಲ ಸುರಂಗಕ್ಕೆ ಹೋಗಿ ಬಂದ ಬಂಡಿಗೆ ಅಷ್ಟು ಹೊತ್ತು ಯಾಕೆ ಬೇಕು ಎಂಬ ಮುಳ್ಳು ಆಗಲೇ ಅವಳ ಮನಸ್ಸಿಗೆ ಚುಚ್ಚಿತ್ತು.

"ಕುಡ್ಸು, ಕುಡ್ಸು. ನನ್ ಮಗನ ರಕ್ತ ಕುಡ್ದಿದ್ದು ಸಾಲ್ದು ಅದ್ಕೆ. ನೀರೂ ಕುಡ್ಸು."

ಬಾಗಿಲಲ್ಲಿ ದೊಡ್ಡಮುನಿಯಮ್ಮ. ಗಣಿಯ ಅಂಗಳ ಗುಡಿಸುವವಳು, ಸತ್ತ ಗೋವಿಂದರಾಜನ ತಾಯಿ, ಕರೆಯುವ ವಾಡಿಕೆಗೆ ಮುತ್ಯಾಲಮ್ಮನಿಗೆ ಅತ್ತೆ. ಮಣ್ಣಿಗಿಟ್ಟ ದಿನದಿಂದ ಅವಳು ಮುತ್ಯಾಲಮ್ಮನ ಜೊತೆ ಮಾತು ಬಿಟ್ಟಿದ್ದಳು. ಇವತ್ತು ಆ ಮೌನ ಬೈಗುಳಕ್ಕೆ ತಿರುಗಿತ್ತು.

"ಬೈ ಅತ್ತೆ, ಬೈ," ಎಂದಳು ಮುತ್ಯಾಲಮ್ಮ ತಲೆಯೆತ್ತದೆ. "ಬೈದು ಮುಗುದ್ಮೇಲೆ ಇಲ್ಲಿ ಬಂದು ಒಂದ್ ಗಳಿಗೆ ಕುಂತ್ಕೋ. ನಂಗೆ ಕೈ ನಡುಗ್ತಾ ಐತೆ."

"ನಡುಗ್ಲಿ. ನಿನ್ ತಮ್ಮನ್ ಕೈ ನಡುಗ್ನಿಲ್ವಲ್ಲ."

ಮುತ್ಯಾಲಮ್ಮ ಐದನೆಯ ಸೆಲ್ಲು ಅಳೆದಳು. ಇನ್ನೂರ ಎಪ್ಪತ್ತು. ಆರು, ಏಳು, ಎಂಟು, ಎಲ್ಲ ಇನ್ನೂರ ಎಪ್ಪತ್ತರ ಆಸುಪಾಸು. ಹನ್ನೊಂದನೆಯದು ಮತ್ತೆ ಮುನ್ನೂರ ಅರವತ್ತು. ಹದಿನೆಂಟು, ಮುನ್ನೂರ ಐವತ್ತೈದು. ಇನ್ನು ಯಾವುದನ್ನು ಅಳೆಯಬೇಕೆಂಬುದು ಕೈಗೇ ಗೊತ್ತಾಗಿಹೋಗಿತ್ತು. ಇಪ್ಪತ್ತೈದು. ಮೂವತ್ತೆರಡು. ಮೂವತ್ತೊಂಬತ್ತು.

ಆರೂ ಸೆಲ್ಲಿನ ನೆತ್ತಿಯ ಮೇಲೆ ಕಂದಿದ ಕುಂಕುಮದ ಬೊಟ್ಟು.

ಆಯುಧಪೂಜೆಯ ದಿನ ಅವಳೇ ಇಟ್ಟದ್ದು. ನಲವತ್ತನ್ನೂ ದಿನಾ ಅಳೆಯಲು ಹೊತ್ತು ಸಾಲದು. ಆದ್ದರಿಂದ ಏಳಕ್ಕೊಂದರಂತೆ ಆರನ್ನು ಆರಿಸಿಕೊಂಡು ದಿನಾ ಅವನ್ನೇ ಅಳೆದು ಪುಸ್ತಕಕ್ಕೆ ಬರೆಯುವುದು, ತಿಂಗಳಿಗೊಮ್ಮೆ ಎಲ್ಲವನ್ನೂ ನೋಡುವುದು ಕ್ರಮ. ಮರೆಯಬಾರದೆಂದು ಆ ಆರಕ್ಕೆ ಕುಂಕುಮ ಇಟ್ಟಿದ್ದಳು. ನೋಡಿದವರು ಪೂಜೆಯ ಕುಂಕುಮ ಎಂದುಕೊಳ್ಳುತ್ತಿದ್ದರು.

ಅವಳು ಮರದ ಪೆಟ್ಟಿಗೆಯ ಮೇಲೆ ಕುಸಿದು ಕುಳಿತಳು.

"ಅತ್ತೆ, ಈ ಆರಕ್ಕೆ ಯಾರೋ ಆಸಿಡ್ ಸುರ್ದವ್ರೆ."

"ಸುರುದ್ರೆ ಏನೀಗ?"

"ಏಳ್ತೀನಿ ಕೇಳು. ಅವತ್ತು ನಾನು ರಜ. ಪಾಪಿರೆಡ್ಡಿಪಟ್ಟೀಲಿ ನಮ್ ಅಜ್ಜಿ ತಿಥಿಗೆ ಓಗಿದ್ದೆ. ವೇಣು ಎರಡು ಟ್ರಿಪ್ ಒಡ್ದು, ಬೆಳಿಗ್ಗೆ ಹತ್ತು ಗಂಟೆಗೆ ಬಂಡಿ ಇಲ್ಲಿ ತಂದ್ ನಿಲ್ಸಿ, ಹ್ಯಾಂಡಲ್ ಆ ಮೊಳೆಗೆ ನೇತಾಕಿ ಉಣ್ಣಾಕೆ ಓದೆ ಅಂತಾನೆ. ಹನ್ನೆರಡಕ್ಕೆ ನೋಡುದ್ರೆ ನಿನ್ ಮಗ ಸುರಂಗದ ಬಾಯಲ್ಲಿ..." ಅವಳು ಬಿಚ್ಚಿದ ಬಿರಡೆಗಳತ್ತ ಕಣ್ಣು ತಿರುಗಿಸಿದಳು. "ಪೊಲೀಸ್ನೋರು ಏನಂದ್ರು? ಪುಸ್ತಕದಲ್ಲಿ ಇನ್ನೂರ ನಲವತ್ತು ಐತೆ, ಎರಡು ಟ್ರಿಪ್ಪಿಗೆ ಸರಿ ಓಗ್ತೈತೆ, ವೇಣು ಬಿಟ್ರೆ ಬಂಡೀನ ಬೇರೆ ಯಾರೂ ಮುಟ್ಟಿಲ್ಲ ಅಂದ್ರು. ಅತ್ತೆ, ಆ ಅಂಕಿ ಸುಳ್ಳು. ಆ ಒತ್ತಿಗೆ ಬ್ಯಾಟರಿ ಪೂರಾ ಸತ್ತಿತ್ತು. ಅಂಕಿ ಮೇಲೇಳ್ಲಿ ಅಂತ ಆಸಿಡ್ ಸುರ್ದವ್ರೆ. ನೆನ್ನೆ ನಾನು ಚಾರ್ಜ್ ಮಾಡ್ದೆ ನೋಡು, ಆಸಿಡ್ ಮೇಲೆ ಚಾರ್ಜೂ ಸೇರಿ ಸುಳ್ಳು ಉಬ್ಕಂಡು ಆಚೆಗೆ ಬಂತು."

ಮುದುಕಿಯ ಪೊರಕೆ ನೆಲಕ್ಕೂರಿ ನಿಂತಿತು.

"ಅಂಗಂದ್ರೆ?"

"ವೇಣು ನಿಲ್ಸಿದ್ಮೇಲೆ ಇನ್ಯಾರೋ ಎಮ್ಮೇನ ಒಡ್ಕಂಡು ಬಲು ದೂರ ಓಗಿ ಬಂದವ್ರೆ. ಬ್ಯಾಟರಿ ಸಾಯೋವಷ್ಟು ದೂರ ಅಂದ್ರೆ ಒಂದೇ ಜಾಗ. ಏಳನೇ ಗ್ಯಾಲರಿ."

ಏಳನೆಯ ಗ್ಯಾಲರಿಯನ್ನು ಮುಚ್ಚಿ ಮೂರು ವರ್ಷವಾಗಿತ್ತು, ಕಾಗದದ ಮೇಲೆ. ಸಾಯುವ ಹಿಂದಿನ ದಿನ ಗೋವಿಂದರಾಜ್ ಇದೇ ಶೆಡ್ಡಿಗೆ ಬಂದು, ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ಪೆನ್ಸಿಲಿನಿಂದ ಹಳಿಯ ನಕ್ಷೆ ಗೀಚಿ, ಕೆಳಗೆ ಸಹಿ ಹಾಕಿ, ಅವಳ ಕೈಗಿಟ್ಟಿದ್ದ. "ಅಕ್ಕಾ, ಬಂಡಿ ಓಡದ ಹಳಿ ತುಕ್ಕು ಹಿಡೀಬೇಕು. ಏಳನೇದ್ರಲ್ಲಿ ಹಳಿ ಬೆಳ್ಳಿ ತರ ಒಳೀತೈತೆ. ಯಾರೋ ದಿನಾ ಓಡಾಡ್ತಾವ್ರೆ. ನೀನು ಬರೆಯೋದು ಕಲ್ತಿದೀಯಲ್ಲ, ಗಣಿ ಸೇಫ್ಟಿ ಆಫೀಸ್ಗೆ ಒಂದು ಕಾಗದ ಬರಿ," ಎಂದಿದ್ದ.

ಅವಳು ಬರೆದಿದ್ದಳು. ನಕ್ಷೆಯನ್ನು ಒಳಗಿಟ್ಟು, ಅನ್ನದ ಅಗುಳು ಹಚ್ಚಿ ಕವರು ಮುಚ್ಚಿದ್ದಳು. ಅಷ್ಟರಲ್ಲಿ ಗೋವಿಂದರಾಜ್ ಹೆಣವಾಗಿದ್ದ. ಹೆದರಿ ಒಂದು ವಾರ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು, ಕೊನೆಗೆ ಹಾಜರಿ ಬರೆಯುವ ಟೈಮ್ ಆಫೀಸಿನ ರಾಜಗೋಪಾಲ್ ಮೇಷ್ಟ್ರ ಕೈಗೆ ಕೊಟ್ಟಿದ್ದಳು, ರಿಜಿಸ್ಟರ್ ಮಾಡಿಸಿ ಎಂದು. ಎರಡು ವಾರ ಕಳೆದಿತ್ತು. ಕೋಲಾರದ ಸೇಫ್ಟಿ ಆಫೀಸಿನಿಂದ ಉಸಿರಿಲ್ಲ.

ದೊಡ್ಡಮುನಿಯಮ್ಮ ಹತ್ತಿರ ಬಂದು ಆ ಕುಂಕುಮದ ಬೊಟ್ಟುಗಳನ್ನು ಬಗ್ಗಿ ನೋಡಿದಳು.

"ನಿನ್ ತಮ್ಮ ಅಲ್ವಾ ಮುತ್ಯಾಲಿ?"

"ನಂಗೆ ಗೊತ್ತಿರೋದು ಇಷ್ಟೇ ಅತ್ತೆ. ಯಾರೋ ಸುಳ್ಳು ಏಳವ್ರೆ."

ಹೊರಗೆ ಜಲ್ಲಿಯ ಮೇಲೆ ಬೂಟಿನ ಸದ್ದಾಯಿತು. ಇಬ್ಬರೂ ಬೆಚ್ಚಿದರು.

ಬಂದವನು ಕರೆಂಟ್ ಫೋರ್‌ಮನ್ ಈಶ್ವರನ್. ಈರೋಡಿನ ಕಡೆಯವನು, ಕನ್ನಡ ಮಾತಾಡಬಲ್ಲ, ಅರ್ಧ ತಮಿಳಿನಲ್ಲಿ. ಅವತ್ತು ಪುಸ್ತಕಕ್ಕೆ ಇನ್ನೂರ ನಲವತ್ತು ಎಂದು ಬರೆದವನು ಅವನೇ. ಆಸಿಡ್ ರೂಮಿನ ಬೀಗದ ಕೈ ಅವನ ಸೊಂಟದಲ್ಲೇ ಜೋತಾಡುತ್ತಿತ್ತು.

"ಎನ್ನಮ್ಮಾ, ಮುಗೀಲಿಲ್ವಾ? ಎರಡನೇ ಶಿಫ್ಟಿಗೆ ವಂಡಿ ಬೇಕು ಅಂತ ಮ್ಯಾನೇಜರ್ ಕೂಗಾಡ್ತಾನೇ ಇರ್ಕಾರು."

ಮುತ್ಯಾಲಮ್ಮ ಬಿರಡೆ ಬಿಚ್ಚಿದ್ದ ನಾಲ್ಕನೆಯ ಸೆಲ್ಲಿಗೆ ಪಿಚಕಾರಿ ಇಳಿಸಿ, ಅವನ ಕೈಗೆ ಕೊಟ್ಟಳು. ಅವನು ನೋಡಿದ. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದ. ಮುಖದ ಬಣ್ಣ ಇಳಿಯಿತು.

"ಅಯ್ಯೋ ಕಡವುಳೇ. ಮುನ್ನೂತ್ತಿ ಅರುವದಾ?"

"ಆರು ಸೆಲ್ಲು ಅಂಗೇ ಐತೆ ಸಾರ್. ಅವತ್ತು ನೀವೇ ಅಳ್ದಿದ್ದು. ಯಾವ್ಯಾವ ಸೆಲ್ಲು ಅಳುದ್ರಿ?"

"ಕುಂಕುಮ ಇಟ್ಟಿದ್ದ ಆರು. ಇನ್ಸ್‌ಪೆಕ್ಟರ್ ಮುಂದೇನೇ ಅಳ್ದೆ."

"ನಲವತ್ತರಲ್ಲಿ ಅದನ್ನೇ ಯಾಕೆ?"

"ಎನಕ್ಕೇನು ಗೊತ್ತು ನಿನ್ನ ಕುಂಕುಮದ ಲೆಕ್ಕ? ನಾನು ಫ್ಯೂಸ್ ತರೋಕೆ ಹರೂರಿಗೆ ಹೋಗಿದ್ದವನು, ಪೊಲೀಸ್ ಜೀಪಲ್ಲೇ ವಾಪಸ್ ಬಂದೆ. ಟೈಮ್ ಆಫೀಸ್ ಸಾರೇ ಹೇಳಿದ್ದು. ಮುತ್ಯಾಲಮ್ಮ ದಿನಾ ಅಳೆಯೋದು ಕುಂಕುಮ ಇಟ್ಟ ಸೆಲ್ಲು ಮಾತ್ರ, ಅದನ್ನೇ ಅಳೀಪ್ಪಾ ಅಂತ."

"ಯಾರು? ರಾಜಗೋಪಾಲ್ ಮೇಷ್ಟ್ರಾ?"

"ಬೇರೆ ಯಾರು?" ಈಶ್ವರನ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಇಲ್ಲಿ ಕೇಳಮ್ಮಾ. ಆಸಿಡ್ ರೂಮಿಗೆ ಇನ್ನೊಂದು ಚಾವಿ ಇದೆ. ಟೈಮ್ ಆಫೀಸಿನ ಗೋಡೆ ಮೇಲೆ ನೇತಾಡ್ತಾ ಇರುತ್ತೆ. ನಾನು ಏನೂ ಪಾಕಲೆ, ನೋಡಿಲ್ಲ, ಏನೂ ಕೇಳಿಲ್ಲ. ನನಗೆ ಎರಡು ಹೆಣ್ಣುಮಕ್ಕಳು."

ಬಂದದ್ದಕ್ಕಿಂತ ಬೇಗ ಅವನು ಹೊರಟುಹೋದ.

ಮುತ್ಯಾಲಮ್ಮ ಹಾಗೇ ನಿಂತಳು.

ರಾಜಗೋಪಾಲ್ ಮೇಷ್ಟ್ರು! ತಾಳವಾಡಿ ಕಡೆಯವರು. ಮನೆಯಲ್ಲಿ ಕನ್ನಡವಾಡಿದರೂ ಅದರ ಒಂದು ಅಕ್ಷರವೂ ತಿಳಿಯದ ಗಣಿಯ ಹೆಂಗಸರನ್ನು ಟೈಮ್ ಆಫೀಸಿನ ಜಗಲಿಯಲ್ಲಿ ಸಂಜೆ ಕೂರಿಸಿಕೊಂಡು ಅ ಆ ತಿದ್ದಿಸಿದವರು. ನಲವತ್ತೆರಡನೆಯ ವಯಸ್ಸಿನಲ್ಲಿ ಅವಳ ಬೆರಳು ಹಿಡಿದು ಅವಳ ಹೆಸರನ್ನು ಬರೆಯಿಸಿದವರು. 'ನನ್ನ ಕೆಲಸ' ಎಂದು ಎರಡು ಪುಟ ಬರೆದು ತನ್ನಿ ಎಂದಾಗ ಅವಳು ಹೆಮ್ಮೆಯಿಂದ ಬರೆದಿದ್ದಳು: ನಲವತ್ತರಲ್ಲಿ ಆರು ಸೆಲ್ಲಿಗೆ ಕುಂಕುಮ ಇಟ್ಟಿದ್ದೇನೆ, ದಿನಾ ಅಳೆಯುವುದು ಅವನ್ನೇ. ಆ ನೋಟ್‌ಬುಕ್ಕು ತಿದ್ದಲೆಂದು ಅವರ ಬಳಿಯೇ ಇತ್ತು. ಅವಳು ಕಾಗದ ಕೊಟ್ಟದ್ದೂ ಅವರ ಕೈಗೇ.

ಊಟದ ಡಬ್ಬಿ ತೆರೆದಳು. ತಿನ್ನಲಿಕ್ಕಲ್ಲ. ವೇಣುವಿಗೆ ಬರೆಯಲೆಂದು ತಂದಿದ್ದ ನೀಲಿ ಇನ್‌ಲ್ಯಾಂಡ್ ಬಿಡಿಸಿ, ಪೆಟ್ಟಿಗೆಯ ಮೇಲಿಟ್ಟು, ಉಳಿದ ಸೆಲ್ಲುಗಳನ್ನೂ ಅಳೆದು ನಲವತ್ತರ ಅಂಕಿಯನ್ನೂ ಸಾಲಾಗಿ ಬರೆದಳು. ಚಾರ್ಜಿಗೆ ಹಿಡಿದ ಹೊತ್ತು ಬರೆದಳು. ಕುಂಕುಮದ ಸೆಲ್ಲುಗಳ ಸುತ್ತ ಗೆರೆ ಎಳೆದು, "ಈ ಆರಕ್ಕೆ ಆಸಿಡ್ ಸುರಿದಿದ್ದಾರೆ, ಬಂದು ಅಳೆಯಿರಿ" ಎಂದಳು. ಕೋಲಾರದ ವಿಳಾಸ ಬರೆದು ಮೂರು ಅಗುಳು ಅನ್ನ ಉಜ್ಜಿ ಅಂಟಿಸಿ ಕುಪ್ಪಸದೊಳಗೆ ತುರುಕಿದಳು.

ಎಮ್ಮೆಯ ಹ್ಯಾಂಡಲ್ಲನ್ನು ಮೊಳೆಯಿಂದ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹ್ಯಾಂಡಲ್ ಇಲ್ಲದ ಎಮ್ಮೆ ಬರೀ ಕಬ್ಬಿಣ. ಗಣಿಗೆ ಇರುವುದು ಎರಡೇ ಬಂಡಿ, ಎರಡೇ ಹ್ಯಾಂಡಲ್. ಒಂದನೆಯದು ಬೆಳಿಗ್ಗೆಯೇ ಬಂಡಿಯ ಜೊತೆ ಇನ್ನೊಬ್ಬ ಡ್ರೈವರ್ ತಿಮ್ಮಪ್ಪನ ಕೈಯಲ್ಲಿ ಒಳಕ್ಕೆ ಹೋಗಿತ್ತು.

"ಅತ್ತೆ, ನಾನು ಬರೋಗಂಟ ಇಲ್ಲೇ ಇರು. ಯಾರು ಬಂದ್ರೂ ಈ ಬ್ಯಾಟರಿ ಡಬ್ಬಿ ಮುಟ್ಟೋಕೆ ಬಿಡ್ಬೇಡ."

"ನನ್ ಎಣದ ಮೇಲೆ ಮುಟ್ಟಬೇಕು," ಎಂದು ದೊಡ್ಡಮುನಿಯಮ್ಮ ಪೊರಕೆಯನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಎಮ್ಮೆಯ ಮುಂದೆಯೇ ಕುಳಿತುಬಿಟ್ಟಳು.

ಆ ಮಾತು ಮುತ್ಯಾಲಮ್ಮನಿಗೆ ಯಾಕೋ ಹಿಡಿಸಲಿಲ್ಲ.

ಟೈಮ್ ಆಫೀಸಿನಲ್ಲಿ ಮೇಷ್ಟ್ರು ಒಬ್ಬರೇ ಇದ್ದರು. ಗೋಡೆಯ ಹಲಗೆಯಲ್ಲಿ ಬೀಗದ ಕೈಗಳು ಸಾಲಾಗಿ ನೇತಾಡುತ್ತಿದ್ದವು. ಗಡಿಯಾರದಲ್ಲಿ ಎರಡೂ ಮುಕ್ಕಾಲು.

"ಬಾಮ್ಮ ಮುತ್ಯಾಲಮ್ಮ. ಊಟ ಆಯಿತೆ?"

"ಆಯ್ತು ಸಾರ್."

"ಸುಳ್ಳು. ಮುಖ ಬಾಡಿದೆ." ನಕ್ಕರು. ಅದೇ ನಗು, ತಪ್ಪು ಬರೆದವರನ್ನೂ ಗದರಿಸದ ನಗು. "ಹಾಂ, ನಿನ್ನ ನೋಟ್‌ಬುಕ್ಕು ಇಲ್ಲೇ ಉಳಿದಿದೆ, ತಗೊಂಡು ಹೋಗು. ಈ ಗಲಾಟೆಯಲ್ಲಿ ಓದಲಿಕ್ಕೇ ಆಗಲಿಲ್ಲ ನೋಡು."

ಅವಳು ಪುಟ ತಿರುವಿದಳು. ಓದಿದ ಪ್ರತಿ ಪುಟದ ಕೆಳಗೂ ಕೆಂಪು ಶಾಯಿಯ ಗುರುತು ಹಾಕುವುದು ಮೇಷ್ಟ್ರ ಅಭ್ಯಾಸ. 'ನನ್ನ ಕೆಲಸ'ದ ಎರಡು ಪುಟಗಳಲ್ಲಿ ಗುರುತಿರಲಿಲ್ಲ. ಓದಿಲ್ಲವೆಂದು ನಂಬಿಸಲು ಬೇಕೆಂದೇ ಬಿಟ್ಟಿದ್ದಾರೆ, ಎಂದುಕೊಂಡಳು.

"ಸಾರ್, ಆ ಕಾಗದ ರಿಜಿಸ್ಟರ್ ಮಾಡ್ಸಿದ್ರಲ್ಲ, ಅದರ ಚೀಟಿ ಬೇಕಿತ್ತು. ವೇಣು ವಕೀಲರು ಕೇಳ್ತಾವ್ರೆ."

ಮೇಷ್ಟ್ರು ಪೆನ್ನು ಕೆಳಗಿಟ್ಟರು.

"ನಿನಗೆ ಸುಳ್ಳು ಹೇಳಲಾರೆ. ನಾನದನ್ನು ಹಾಕಲಿಲ್ಲ."

"ಯಾಕೆ ಸಾರ್?"

"ನಿನ್ನ ಒಳ್ಳೆಯದಕ್ಕೆ. ದೊಡ್ಡ ಆಫೀಸಿನವರು ಬಂದರೆ ಗಣಿಗೆ ಬೀಗ. ಮುನ್ನೂರು ಮನೆಯ ಒಲೆ ಆರುತ್ತದೆ. ಆಮೇಲೆ ಆ ಮುನ್ನೂರು ಮನೆಯವರು ನಿನ್ನನ್ನು ಏನು ಮಾಡುತ್ತಾರೆ ಅಂತ ಯೋಚನೆ ಮಾಡಿದ್ದೀಯಾ?"

ಹೇಳುತ್ತಲೇ ಕುರ್ಚಿಗೆ ನೇತುಹಾಕಿದ್ದ ಖಾಕಿ ಬಟ್ಟೆಯ ಚೀಲವನ್ನು ಎಳೆದು, ಅದರೊಳಗಿಂದ ಕವರನ್ನು ತೆಗೆದು ಮೇಜಿನ ಮೇಲಿಟ್ಟರು. ಅದು ಅವಳದೇ ಕವರು, ಅವಳದೇ ಅಂಕುಡೊಂಕು ಅಕ್ಷರ.

ಅವಳ ಕಣ್ಣು ಕವರಿನ ಮೇಲೆ ನಿಲ್ಲಲಿಲ್ಲ. ಚೀಲದ ಮೇಲೆ ನಿಂತಿತು.

ಒಗೆದು ಮಡಿ ಮಾಡಿದ ಚೀಲ. ಅದರ ತಳದಲ್ಲಿ ಸಾಸಿವೆಯಷ್ಟು, ಕಡಲೆಯಷ್ಟು ತೂತುಗಳು. ಸುತ್ತ ಬಟ್ಟೆ ಕೆಂಪಗೆ ಕಂದಿತ್ತು. ಅಂಥ ತೂತು ಅವಳ ಒಂದೊಂದು ಸೀರೆಯಲ್ಲೂ ಇತ್ತು. ಆಸಿಡ್ ಹನಿ ಬಿದ್ದ ದಿನ ಹತ್ತಿ ಬಟ್ಟೆಯಲ್ಲಿ ಏನೂ ಕಾಣುವುದಿಲ್ಲ. ಒಗೆದು ಹಿಂಡಿದಾಗ ಜರಡಿಯಾಗುತ್ತದೆ.

"ಇಲಿ," ಎಂದರು ಮೇಷ್ಟ್ರು. "ಇಲಿ ಕಡಿದುಬಿಟ್ಟಿದೆ."

ಅವಳು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದವರು ಯಾರೂ ಇಲ್ಲದಿದ್ದರೂ ಹೆಗಲು ತಾನೇ ಮುಟ್ಟಿಕೊಂಡಿತ್ತು. ಇಲಿ ಅಂಚಿನಿಂದ ಕಡಿಯುತ್ತದೆ, ನಡುವಿನಿಂದಲ್ಲ.

"ಹೂಂ ಸಾರ್. ನಮ್ಮನೇಲೂ ಬಲು ಕಾಟ," ಎಂದಳು. ತನ್ನ ದನಿ ತನಗೇ ದೂರದಿಂದ ಕೇಳಿಸಿತು.

"ಎರಡನೇ ಬಂಡಿ ಇವತ್ತು ಅಳೆದೆಯಾ?"

"ಇನ್ನೂ ಇಲ್ಲ ಸಾರ್. ಬಿರಡೆ ಬಿಚ್ಚಿಟ್ಟು ಬಂದಿದೀನಿ."

ಅವರು ಅವಳ ಮುಖವನ್ನೇ ನೋಡಿದರು. ತಪ್ಪು ಎಲ್ಲಿದೆ ಎಂದು ಸ್ಲೇಟನ್ನು ನೋಡುವ ಹಾಗೆ.

"ನೀವು ಏಳಿದ್ದು ಸರಿ ಸಾರ್," ಎಂದಳು ಅವಳೇ. "ವಕೀಲರೂ ಅಂಗೇ ಅಂದ್ರು. ಈ ಕಾಗದ ಇದ್ರೆ ವೇಣುಗೇ ತೊಂದ್ರೆ. ಕೊಡಿ, ಸುಟ್ಟಾಕಿಬಿಡ್ತೀನಿ."

"ಜಾಣೆ." ಮೇಷ್ಟ್ರು ಮೇಜಿನ ಖಾನೆ ಎಳೆದು ಬೆಂಕಿಪೊಟ್ಟಣ ತೆಗೆದರು. ಕಡ್ಡಿಯನ್ನೂ ತೆಗೆದರು. "ಇಲ್ಲೇ ಸುಡು. ನನ್ನ ಕಣ್ಣೆದುರಿಗೇ ಆಗಿಹೋಗಲಿ."

ಕಡ್ಡಿ ಪೊಟ್ಟಣದ ಪಕ್ಕಕ್ಕೆ ತಾಕಿತು.

"ಬ್ಯಾಡಿ ಸಾರ್!" ಅವಳು ಕೂಗಿಯೇಬಿಟ್ಟಳು. "ಆಚೆ ಮಗ್ಗುಲಲ್ಲೇ ಶೆಡ್ಡು. ಈಗ ತಾನೇ ಚಾರ್ಜ್ ಆಗಿರೋ ಬ್ಯಾಟರಿ, ಬಿರಡೆ ಬೇರೆ ಬಿಚ್ಚೈತೆ. ಗ್ಯಾಸ್ ಐತೆ. ಈ ಅಂಗಳದಲ್ಲಿ ಕಡ್ಡಿ ಗೀರಬಾರ್ದು ಅಂತ ಬೋರ್ಡ್ ಬರುದ್ದೋರು ನೀವೇ ಅಲ್ವಾ ಸಾರ್?"

ಕಡ್ಡಿ ಹಾಗೇ ನಿಂತಿತು. ಬೋರ್ಡು ಬಾಗಿಲ ಮೇಲೆಯೇ ಇತ್ತು, ಕನ್ನಡದಲ್ಲಿ, ತಮಿಳಿನಲ್ಲಿ, ಮೇಷ್ಟ್ರ ಮುದ್ದಾದ ಅಕ್ಷರದಲ್ಲಿ.

"ಗೇಟ್ ಆಚೆ ರಾಜಾತಿ ಟೀ ಅಂಗಡಿ ಒಲೆ ಉರೀತಿರ್ತೈತೆ. ಅಲ್ಲಿಗಾಕಿದ್ರೆ ಆಯ್ತು."

"ಸರಿ. ನಡೆ. ನಾನೂ ಬರುತ್ತೇನೆ."

ಕವರು ಅವಳ ಕೈಗೆ ಬಂತು. ಹೆಬ್ಬೆರಳಿಂದ ಅಂಚನ್ನು ಸವರಿದಳು. ಒಣಗಿ ಕಲ್ಲಾದ ಅನ್ನದ ಅಗುಳು ಇದ್ದಲ್ಲೇ ಇತ್ತು. ಯಾರೂ ಬಿಚ್ಚಿರಲಿಲ್ಲ. ಗೋವಿಂದರಾಜನ ನಕ್ಷೆ ಒಳಗೇ ಇತ್ತು.

ಗೇಟಿಗೆ ನೂರಿಪ್ಪತ್ತು ಹೆಜ್ಜೆ. ದಿನಾ ಎಣಿಸದೆ ನಡೆದದ್ದನ್ನು ಇವತ್ತು ಒಂದೊಂದಾಗಿ ಎಣಿಸಿದಳು. ಮೇಷ್ಟ್ರು ಪಕ್ಕಕ್ಕೆ ಬರಲಿಲ್ಲ, ಹಿಂದೆ ಬಂದರು. ಕಾರ್ತಿಕದ ಬಿಸಿಲು ಬೆನ್ನಿಗೆ ಬೀಳುತ್ತಿದ್ದರೂ ಅವರ ನೆರಳು ಮೈಗೆ ತಾಗಿದಲ್ಲೆಲ್ಲ ತಣ್ಣಗಾಗುತ್ತಿತ್ತು.

ಗೇಟಿನ ಕಂಬಕ್ಕೆ ಕೆಂಪು ಅಂಚೆ ಡಬ್ಬಿ. ಮೂರು ಗಂಟೆಗೆ ಪೋಸ್ಟ್‌ಮನ್ ಚಿನ್ನಸ್ವಾಮಿ ಬಂದು ತೆಗೆಯುತ್ತಾನೆ. ಅವನ ಸೈಕಲ್ಲು ಕಂಬಕ್ಕೆ ಒರಗಿತ್ತು. ಅವನು ಚೀಲದ ಬಾಯಿಗೆ ಹಗ್ಗ ಸುತ್ತುತ್ತಿದ್ದ.

ಅರವತ್ತನೆಯ ಹೆಜ್ಜೆಯಲ್ಲಿ ಅವಳ ಕೆನ್ನೆಗೆ ಗಾಳಿ ತಗುಲಿತು.

ತಿರುಗಿ ನೋಡಿದಳು.

ಎರಡನೆಯ ಎಮ್ಮೆ ಶೆಡ್ಡಿನಿಂದ ಹೊರಬಂದಿತ್ತು. ಸದ್ದಿಲ್ಲದೆ, ದೀಪವಿಲ್ಲದೆ, ಹಳಿಯ ಮೇಲೆ ಸುರಂಗದ ಬಾಯಿಯ ಕಡೆಗೆ ಜಾರುತ್ತಿತ್ತು. ಓಡಿಸುವವನು ತಲೆಗೆ ಟವೆಲ್ ಸುತ್ತಿ ಸೀಟಿನಲ್ಲಿ ಬಗ್ಗಿ ಕುಳಿತಿದ್ದ. ಮುಖ ಕಾಣಲಿಲ್ಲ. ಅವಳ ಕೈ ಸೆರಗಿನ ಗಂಟಿಗೆ ಹೋಯಿತು. ಹ್ಯಾಂಡಲ್ ಅಲ್ಲೇ ಇತ್ತು, ಗಟ್ಟಿಯಾಗಿ, ತಣ್ಣಗೆ.

ಹಾಗಾದರೆ ಮೂರನೆಯ ಹ್ಯಾಂಡಲ್ಲೊಂದಿದೆ.

"ಅತ್ತೇ!" ಎಂದು ಕೂಗಿದಳು.

ಶೆಡ್ಡಿನ ಬಾಗಿಲಲ್ಲಿ ಯಾರೂ ಇರಲಿಲ್ಲ. ಹಳಿಗಳ ನಡುವೆ ದೊಡ್ಡಮುನಿಯಮ್ಮನ ಪೊರಕೆ ಬಿದ್ದಿತ್ತು. ಅದರ ಹಿಡಿ ಎರಡು ತುಂಡಾಗಿತ್ತು.

ಮೇಷ್ಟ್ರು ತಿರುಗಿ ನೋಡಲೂ ಇಲ್ಲ. "ಏನಿಲ್ಲ, ಎರಡನೇ ಶಿಫ್ಟಿಗೆ ಹೋಗುತ್ತಿದೆ. ನಡೆ, ನಡೆ. ಒಲೆ ಆರೀತು," ಎಂದರು.

ಕರೀ ಬಾಯಿ ಎಮ್ಮೆಯನ್ನು ನುಂಗಿತು. ಅದರೊಂದಿಗೆ ಕುಂಕುಮದ ಆರು ಸೆಲ್ಲೂ ಹೋದವು. ಸೋಮವಾರದೊಳಗೆ ಆ ಸೆಲ್ಲುಗಳು ಯಾವ ಗುಂಡಿಯಲ್ಲಿ ಒಡೆದು ಬಿದ್ದಿರುತ್ತವೋ. ಇನ್ನು ಉಳಿದದ್ದು ಎರಡು ಕಾಗದ. ಒಂದು ಕೈಯಲ್ಲಿ, ಒಂದು ಎದೆಯಲ್ಲಿ.

ಶೆಡ್ಡಿಗೆ ಓಡಬೇಕೋ, ಗೇಟಿಗೆ ಓಡಬೇಕೋ? ಒಂದೇ ಒಂದು ಉಸಿರಿನಷ್ಟು ಹೊತ್ತು ಅವಳ ಕಾಲು ಎರಡು ಕಡೆಗೂ ಎಳೆಯಿತು. ಚಿನ್ನಸ್ವಾಮಿ ಸೈಕಲ್ಲಿನ ಸ್ಟ್ಯಾಂಡ್ ಒದೆಯುವ ಸದ್ದು ಕೇಳಿತು.

"ಏ ಪೋಸ್ಟ್! ಚಿನ್ನಸ್ವಾಮಣ್ಣಾ! ನಿಲ್ಲು!"

ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದಳು. ಹಿಂದೆ ಚಪ್ಪಲಿಯ ಸದ್ದು ಬೇಗಬೇಗನೆ ಬಂತು. "ಮುತ್ಯಾಲಮ್ಮ! ಮುತ್ಯಾಲಮ್ಮ!" ಎಂದು ಮೇಷ್ಟ್ರು ಕರೆದರು, ಕ್ಲಾಸಿನಲ್ಲಿ ಹಾಜರಿ ಕೂಗುವ ದನಿಯಲ್ಲೇ.

"ಎನ್ನಕ್ಕಾ, ನಾಯಿ ಅಟ್ಟಿಸ್ಕಂಡ್ ಬಂತಾ?" ಎಂದು ಚಿನ್ನಸ್ವಾಮಿ ನಕ್ಕ. "ಕಟ್ಟಿಬಿಟ್ನಲ್ಲ ಚೀಲಾನ. ನಾಳೆಗೆ ಆಕು."

"ನಾಳೆ ಅನ್ನೋದೇ ಇಲ್ಲಣ್ಣಾ. ಬಿಚ್ಚು."

ಅವಳ ಮುಖ ನೋಡಿ ಅವನ ನಗು ನಿಂತಿತು. ಹಗ್ಗ ಸಡಿಲಿಸಿದ. ಅವಳು ಕವರನ್ನು ಒಳಗೆ ಹಾಕಿದಳು. ಕುಪ್ಪಸದಿಂದ ನೀಲಿ ಕಾಗದ ಎಳೆದು ಅದನ್ನೂ ಹಾಕಿದಳು. ಚೀಲದ ಬಾಯನ್ನು ತಾನೇ ಮುಚ್ಚಿ ಹಗ್ಗ ಜಗ್ಗಿದಳು.

ಮೇಷ್ಟ್ರು ಏದುಸಿರು ಬಿಡುತ್ತ ಬಂದು ನಿಂತರು. ಚೀಲದ ಕಡೆಗೆ ಕೈ ಚಾಚಿ, ಅರ್ಧದಲ್ಲೇ ಹಿಂದಕ್ಕೆ ತೆಗೆದುಕೊಂಡರು. ಸರ್ಕಾರದ ಚೀಲ. ಟೀ ಅಂಗಡಿಯ ಬೆಂಚಿನಲ್ಲಿ ನಾಲ್ಕು ಜನ ಕುಳಿತು ನೋಡುತ್ತಿದ್ದರು.

"ವರ್ರೇನ್ ಸಾರ್," ಎಂದು ಚಿನ್ನಸ್ವಾಮಿ ಪೆಡಲು ತುಳಿದ. ಸೈಕಲ್ಲು ಇಳಿಜಾರಿಗೆ ಬಿತ್ತು.

ಮುತ್ಯಾಲಮ್ಮ ಕಂಬವನ್ನು ಹಿಡಿದುಕೊಂಡಳು. ಮೂರು ವಾರದಿಂದ ಎದೆಯ ಮೇಲಿದ್ದ ಕಲ್ಲು ಉರುಳಿದಂತಾಯಿತು. ಇನ್ನು ಶೆಡ್ಡಿಗೆ. ಅತ್ತೆ ಎಲ್ಲಿ, ಅತ್ತೆ ಏನಾದಳು?

"ಎರಡು ಹಾಕಿದೆ," ಎಂದರು ಮೇಷ್ಟ್ರು. ಸಿಟ್ಟಿರಲಿಲ್ಲ. ಅವರ ದನಿಯಲ್ಲಿದ್ದದ್ದು ಕನಿಕರ, ಅದು ಸಿಟ್ಟಿಗಿಂತ ಭಯಂಕರವಾಗಿತ್ತು. "ನೀಲಿಯದರಲ್ಲಿ ಕುಂಕುಮದ ಸೆಲ್ಲಿನ ವಿಷಯ ಬರೆದಿದ್ದೀಯ, ಅಲ್ಲವೆ?"

ಅವಳು ಶೆಡ್ಡಿನ ಕಡೆಗೆ ಒಂದು ಹೆಜ್ಜೆ ಇಟ್ಟಳು.

"ಅವರು ಬಂದು ಮೊದಲು ಕೇಳುವುದೇ ಆ ಗುಟ್ಟು ಯಾರಿಗೆ ಗೊತ್ತಿತ್ತು ಎಂದು. ನಾನು ನಿನ್ನ ನೋಟ್‌ಬುಕ್ಕು ಓದಿಲ್ಲ ಕಣಮ್ಮ. ಕೆಂಪು ಗುರುತು ಇಲ್ಲದ್ದನ್ನು ನೀನೇ ನೋಡಿದೆಯಲ್ಲ." ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಯಾವ ಆರು ಸೆಲ್ಲಿಗೆ ಸುರಿಯಬೇಕು ಅಂತ ಅವತ್ತು ಹನ್ನೊಂದೂವರೆಗೆ ನನ್ನ ಕೈ ಹಿಡಿದು ತೋರಿಸಿದವನು ವೇಣು."

ಮುತ್ಯಾಲಮ್ಮನ ಕೈ ತಾನಾಗಿಯೇ ಮೇಲೆದ್ದಿತು, ಚಿನ್ನಸ್ವಾಮಿಯನ್ನು ಕೂಗಿ ನಿಲ್ಲಿಸಲು.

ಸೈಕಲ್ಲು ಆಗಲೇ ಹುಣಸೆಮರ ದಾಟಿ ಹರೂರಿನ ರಸ್ತೆಗೆ ಹತ್ತಿತ್ತು.